ಕೂಲೆಂಟ್ ಇಳಿಯುತ್ತಿದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ!

ಗಾಡಿ ಕೇಳಿ-ಹೇಳಿ: ಓದುಗರ ಪ್ರಶ್ನೆಗಳಿಗೆ ಮಂಡ್ಯದ ಗುತ್ತಲು ರಸ್ತೆಯ ಮೆಕ್ಯಾನಿಕ್ ಒಬ್ಬರ ಉತ್ತರ

ಪ್ರಶ್ನೆ: ಅಣ್ಣಾ, ನಾನು ಹೈಸ್ಕೂಲ್ ಟೀಚರ್. ಪಾಂಡವಪುರದಿಂದ ದಿನಾ ಮೈಸೂರಿಗೆ ಕಾರಿನಲ್ಲಿ ಓಡಾಟ. ಹಳೆಯ ಪೆಟ್ರೋಲ್ ಗಾಡಿ. ಎಂಜಿನ್ ತಣ್ಣಗಿಡುವ ಕೂಲೆಂಟ್ ಬಾಟಲಿಯಲ್ಲಿ ಎರಡು ವಾರಕ್ಕೊಮ್ಮೆ ಕೆಳಗಿನ ಗೆರೆಗೆ ಇಳಿಯುತ್ತದೆ. ನಿಲ್ಲಿಸುವ ಜಾಗ ಮಾತ್ರ ಒಣಗಿಯೇ ಇರುತ್ತದೆ. ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ಬದಲಾಯಿಸಿದರು, ಸೋರುವುದು ನಿಲ್ಲಲಿಲ್ಲ. ಇನ್ನೊಂದು ಕಡೆ ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಅಂದರು. ಸಂಜೆ ಬಂದು ನಿಲ್ಲಿಸಿದಾಗ ಬಾನೆಟ್ ಹತ್ತಿರ ಸಿಹಿ ಸಿಹಿ ವಾಸನೆ ಬರುತ್ತದೆ. ಬಿಚ್ಚಿಸಿಬಿಡಲೇ?

ಉತ್ತರ: ಬೇಡ ಮೇಡಂ, ಈಗಲೇ ಬಿಚ್ಚಿಸಬೇಡಿ. ನೀವು ಕೊನೆಗೆ ಬರೆದ ಆ ಸಿಹಿ ವಾಸನೆಯೇ ನನಗೆ ದೊಡ್ಡ ಸುಳಿವು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಬಿಸಿ ಲೋಹಕ್ಕೆ ತಾಗಿದಾಗ ಬರುವ ವಾಸನೆ ಅದು. ಬಾನೆಟ್ ಹತ್ತಿರ ಬರುತ್ತಿದೆ ಅಂದರೆ ಕೂಲೆಂಟ್ ಹೆಚ್ಚಾಗಿ ಎಂಜಿನ್ನಿನ ಹೊರಗೇ ಎಲ್ಲೋ ಜಿನುಗುತ್ತಿದೆ. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಸೀಲ್. ಅದು ಹೋಗಿ ಕೂಲೆಂಟ್ ಒಳಗೆ ಸುಡುತ್ತಿದ್ದರೆ ವಾಸನೆ ಸೈಲೆನ್ಸರಿನಿಂದ ಬರಬೇಕಿತ್ತು, ಜೊತೆಗೆ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ.

ಹಾಗಾದರೆ ನೆಲದ ಮೇಲೆ ಹನಿ ಯಾಕಿಲ್ಲ? ಓಡುವಾಗ ಕೂಲೆಂಟ್ ಸುಮಾರು 90 ಡಿಗ್ರಿ ಬಿಸಿ ಇರುತ್ತದೆ, ಒಳಗೆ ಒತ್ತಡವೂ ಇರುತ್ತದೆ. ಸಣ್ಣ ಸಂದಿಯಿಂದ ಜಿನುಗಿದ್ದು ಎಂಜಿನ್ ಮೈಮೇಲೆ ಬಿದ್ದು ಅಲ್ಲೇ ಆರಿಹೋಗುತ್ತದೆ. ನಿಲ್ಲಿಸಿ ತಣ್ಣಗಾದ ಮೇಲೆ ಒತ್ತಡ ಇಳಿಯುತ್ತದೆ, ಜಿನುಗುವುದೂ ನಿಲ್ಲುತ್ತದೆ. ನೀವು ಬೆಳಿಗ್ಗೆ ಬಗ್ಗಿ ನೋಡುವ ಹೊತ್ತಿಗೆ ಕಳ್ಳ ಪರಾರಿ. ಆದರೆ ಗುರುತು ಬಿಟ್ಟು ಹೋಗಿರುತ್ತಾನೆ. ನೀರು ಆರಿದರೂ ಬಣ್ಣ ಉಳಿಯುತ್ತದೆ. ಬಿಳಿಚಿಕೊಂಡ ಹಸಿರು ಇಲ್ಲವೇ ಗುಲಾಬಿ ಬಣ್ಣದ ಪುಡಿಪುಡಿ ಕಲೆ. ನಿಮ್ಮ ಕೂಲೆಂಟ್ ಯಾವ ಬಣ್ಣವೋ ಆ ಬಣ್ಣದ್ದು.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ಎತ್ತಿ, ಮೊಬೈಲ್ ಟಾರ್ಚ್ ಹಾಕಿ ಆ ಕಲೆ ಹುಡುಕಿ. ಕಲೆ ಸಿಕ್ಕ ಜಾಗದಲ್ಲೇ ತೂತು ಇದೆ ಅಂದುಕೊಳ್ಳಬೇಡಿ. ಹನಿ ಕೆಳಗೆ ಹರಿಯುತ್ತದೆ, ಫ್ಯಾನ್ ಗಾಳಿಗೆ ಹಿಂದಕ್ಕೆ ಹಾರುತ್ತದೆ. ಕಲೆ ಹಿಡಿದು ಮೇಲಕ್ಕೆ, ಮುಂದಕ್ಕೆ ಹೋಗಿ. ಎಲ್ಲಕ್ಕಿಂತ ಮೇಲಿರುವ ಕಲೆ ಎಲ್ಲಿದೆಯೋ ಅಲ್ಲಿಂದ ಹುಡುಕಾಟ ಶುರು. ನಿಮ್ಮ ರೇಡಿಯೇಟರ್ ಬದಲಾಯಿಸಿದವರು ರೇಡಿಯೇಟರ್ ಒದ್ದೆ ಕಂಡ ಕೂಡಲೇ ಅದನ್ನೇ ಬಿಚ್ಚಿರಬಹುದು. ಅದರ ಮೇಲಿನ ಹೋಸಿನ ಕ್ಲಿಪ್ಪಿನಿಂದ ಇಳಿದ ನೀರೂ ರೇಡಿಯೇಟರನ್ನೇ ಒದ್ದೆ ಮಾಡುತ್ತದೆ, ಅಲ್ವಾ?

ನಾನಾದರೆ ಮೊದಲು ಹೋಸ್ ಪೈಪುಗಳ ತುದಿಗಳನ್ನು ಮುಟ್ಟಿ ನೋಡುತ್ತೇನೆ. ಕ್ಲಿಪ್ ಪಕ್ಕದಲ್ಲಿ ಹೋಸನ್ನು ಬೆರಳಿನಿಂದ ಹಿಸುಕಿ. ಉಬ್ಬಿದ್ದರೆ, ಮೆತ್ತಗಾಗಿದ್ದರೆ, ಸಣ್ಣ ಬಿರುಕು ಬಾಯಿಬಿಟ್ಟರೆ ಆ ಹೋಸಿನ ಕಥೆ ಮುಗಿಯಿತು. ಆಮೇಲೆ ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿ ಕೂಲೆಂಟಿಗೆ ದಾರಿ ಬಿಡುವ ವಾಲ್ವ್, ಕೂರುವ ಡಬ್ಬಿ. ಈಗಿನ ಎಷ್ಟೋ ಗಾಡಿಗಳಲ್ಲಿ ಅದು ಪ್ಲಾಸ್ಟಿಕ್ಕಿನದು, ವರ್ಷಗಟ್ಟಲೆ ಬಿಸಿ ತಿಂದು ಸೀಳುತ್ತದೆ. ಆಮೇಲೆ ವಾಟರ್ ಪಂಪ್, ನಮ್ಮ ಶೆಡ್ಡುಗಳಲ್ಲಿ ವಾಟರ್ ಬಾಡಿ ಅನ್ನುತ್ತೇವೆ. ಅದರ ಶಾಫ್ಟಿನ ಕೆಳಗೆ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗದೆ ಆ ತೂತಿನಿಂದ ಹೊರಬರಲಿ ಅಂತ. ಅಲ್ಲಿಂದ ಕೆಳಗೆ ಬಣ್ಣದ ಗೀರು ಇಳಿದಿದ್ದರೆ ಪಂಪ್ ಬದಲಾಯಿಸುವುದೇ ದಾರಿ. ತೂತಿಗೆ ಎಂಸೀಲ್ ಮೆತ್ತಿಕೊಂಡು ಬಂದ ಗಾಡಿಗಳನ್ನೂ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ಎಂಜಿನ್ನುಗಳಲ್ಲಿ ಈ ಪಂಪ್ ಟೈಮಿಂಗ್ ಬೆಲ್ಟಿನ ಕವರ್ ಒಳಗೆ ಅಡಗಿರುತ್ತದೆ. ಆಗ ಕವರಿನ ಕೆಳತುದಿ ನೋಡಬೇಕು.

ಕಣ್ಣಿಗೆ ಏನೂ ಕಾಣದಿದ್ದರೆ ಪ್ರೆಶರ್ ಟೆಸ್ಟರ್ ಇರುವ ಗ್ಯಾರೇಜಿಗೆ ಹೋಗಿ. ಕೈಪಂಪು, ಅದಕ್ಕೊಂದು ಗೇಜು, ಅಷ್ಟೇ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಇದನ್ನು ಕೂರಿಸುತ್ತಾರೆ. ಕ್ಯಾಪ್ ಮೇಲೆ 0.9 ಅಥವಾ 1.1 (ಬಾರ್) ಅಂತ ಬರೆದಿರುತ್ತದಲ್ಲ, ಅಷ್ಟು ಒತ್ತಡಕ್ಕೆ ಪಂಪ್ ಮಾಡಿ ಕಾಲು ಗಂಟೆ ಬಿಡಬೇಕು. ಅದಕ್ಕಿಂತ ಜಾಸ್ತಿ ಏರಿಸಬಾರದು, ಚೆನ್ನಾಗಿರುವ ಜಾಗವೂ ಕಿತ್ತುಕೊಳ್ಳುತ್ತದೆ. ಇದರ ಮಜಾ ಏನು ಗೊತ್ತಾ? ಒತ್ತಡ ಇದೆ, ಬಿಸಿ ಇಲ್ಲ. ಹಾಗಾಗಿ ಜಿನುಗಿದ ಹನಿ ಆರುವುದಿಲ್ಲ, ಹನಿಯಾಗಿಯೇ ನಿಲ್ಲುತ್ತದೆ. ಗೇಜಿನ ಮುಳ್ಳು ಇಳಿಯುತ್ತಿದ್ದರೆ ಸೋರುತ್ತಿರುವುದು ಖಚಿತ. ಹೊರಗೆಲ್ಲೂ ಹನಿ ಇಲ್ಲ ಅಂದರೆ ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕಡೆ ನೋಡಬೇಕು, ಅದರೊಳಗೂ ಕೂಲೆಂಟೇ ಹರಿಯುವುದು. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಕೈಯಾಡಿಸಿ. ಅಂಟಂಟಾಗಿದ್ದರೆ, ಒಳಗಿನಿಂದ ಗಾಜಿಗೆ ಎಣ್ಣೆಯಂಥ ಮಂಜು ಕಟ್ಟುತ್ತಿದ್ದರೆ, ಅದೇ. ಕ್ಯಾಪನ್ನೂ ಅದೇ ಟೆಸ್ಟರಿನಲ್ಲಿ ಪರೀಕ್ಷೆ ಮಾಡಿಸಿ, ಅದಕ್ಕೆ ಬೇರೆ ಅಡಾಪ್ಟರ್ ಬರುತ್ತದೆ.

ಬಿಸಿಯಾದಾಗ ಮಾತ್ರ ಬಾಯಿಬಿಡುವ ಬಿರುಕುಗಳೂ ಇವೆ. ಅದಕ್ಕೆ ಯುವಿ ಡೈ ಅಂತ ಸಿಗುತ್ತದೆ. ಕೂಲೆಂಟಿಗೆ ಬೆರೆಸಿ ಕೆಲವು ದಿನ ಎಂದಿನಂತೆ ಓಡಿಸಿ, ಆಮೇಲೆ ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಸೋರಿದ ಜಾಗ ಹಳದಿ-ಹಸಿರಾಗಿ ಹೊಳೆಯುತ್ತದೆ.

ಇಷ್ಟೆಲ್ಲ ಆಗಿಯೂ ಏನೂ ಸಿಗಲಿಲ್ಲ ಅಂದರೆ ಮಾತ್ರ ಹೆಡ್ ಮೇಲೆ ಅನುಮಾನ ಪಡೋಣ. ಆಗಲೂ ಬಿಚ್ಚುವ ಮೊದಲು ಬ್ಲಾಕ್ ಟೆಸ್ಟ್ ಕೇಳಿ. ರೇಡಿಯೇಟರ್ ಬಾಯಿಗೆ ಒಂದು ಗಾಜಿನ ನಳಿಕೆ ಇಡುತ್ತಾರೆ, ಒಳಗೆ ನೀಲಿ ದ್ರಾವಣ. ಎಂಜಿನ್ನಿನ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಆಯಿಲ್ ಮುಚ್ಚಳದಡಿ ಹಾಲು ಕಾಫಿ ಬಣ್ಣದ ನೊರೆ ತೋರಿಸಿ, ಆಯಿಲಿಗೆ ಕೂಲೆಂಟ್ ಸೇರಿದೆ ಅಂತ ಹೆದರಿಸುವವರೂ ಇದ್ದಾರೆ. ಬರೀ ಒಂದೆರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಆವಿ ಕಟ್ಟಿಯೂ ಆ ನೊರೆ ಬರುತ್ತದೆ. ಅದೊಂದನ್ನೇ ನಂಬಿ ಹೆಡ್ ಬಿಚ್ಚಿಸಬಾರದು.

ಇನ್ನೊಂದು ಮಾತು. ನಿಮ್ಮದು ದಿನಾ ದೂರದ ಓಡಾಟ. ಟೆಂಪರೇಚರ್ ಮುಳ್ಳು ಸರಿಯಾಗಿದೆ ಅಂತ ಧೈರ್ಯ ಮಾಡಬೇಡಿ. ಕೂಲೆಂಟ್ ತೀರಾ ಖಾಲಿಯಾದರೆ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ, ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗೇ ತೋರಿಸಬಹುದು. ಸೋರುವುದು ಸಿಗುವವರೆಗೆ ಬೆಳಿಗ್ಗೆ ಹೊರಡುವ ಮೊದಲು ಬಾಟಲಿ ನೋಡಿಯೇ ಹೊರಡಿ.

ಪ್ರಶ್ನೆ: ಊರೊಳಗೆ ಏನೂ ತೊಂದರೆ ಇಲ್ಲ. ಚಾಮುಂಡಿ ಬೆಟ್ಟ ಹತ್ತಿದರೆ ಮಾತ್ರ ಬಾಟಲಿ ಕುದಿದು ಉಕ್ಕುತ್ತದೆ. ನಾನು ಕೂಲೆಂಟ್ ಬದಲು ನಲ್ಲಿ ನೀರು ಹಾಕುತ್ತೇನೆ. ಎಲ್ಲಿ ಸೋರುತ್ತಿದೆ? (ವಿದ್ಯಾರಣ್ಯಪುರಂ, ಮೈಸೂರು)

ಉತ್ತರ: ಸೋರುತ್ತಿಲ್ಲ ಸ್ವಾಮಿ, ಕುದಿಯುತ್ತಿದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬರೀ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಬೆಟ್ಟದ ಮೇಲೆ ಇನ್ನೂ ಬೇಗ. ಕ್ಯಾಪ್ ಒತ್ತಡ ಹಿಡಿದಿಟ್ಟರೆ ತಾನೇ ಕುದಿಯುವ ಮಟ್ಟ ಮೇಲೇರುವುದು? ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ ಒತ್ತಡ ನಿಲ್ಲುವುದಿಲ್ಲ. ಮೊದಲು ಅದೇ ನಂಬರಿನ ಹೊಸ ಕ್ಯಾಪ್ ಹಾಕಿ, ಕೆಲವು ನೂರು ರೂಪಾಯಿಯ ಕೆಲಸ. ಆಮೇಲೆ ರೇಡಿಯೇಟರ್ ಫ್ಲಶ್ ಮಾಡಿಸಿ, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಹುಯ್ಯಿರಿ. ಗಡಸು ನೀರು ಗೀಸರ್ ಕಾಯಿಲಿಗೆ ಕಟ್ಟುವ ಬಿಳಿ ಚಕ್ಕೆಯೇ ರೇಡಿಯೇಟರ್ ನಾಳಗಳಲ್ಲೂ ಕಟ್ಟುತ್ತದೆ. ಇಷ್ಟಾದ ಮೇಲೂ ಕುದಿದರೆ ಫ್ಯಾನ್ ಮತ್ತು ಥರ್ಮೋಸ್ಟಾಟ್ ನೋಡಿಸಿ. ಬೆಟ್ಟದ ಮೇಲೆ ಉಕ್ಕಿದ ಕೂಡಲೇ ಕ್ಯಾಪ್ ತಿರುಗಿಸಲು ಹೋಗಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ. ಪೂರ್ತಿ ತಣಿಯಲಿ.

ಪ್ರಶ್ನೆ: ಎಡಗಡೆ ಮುಂದಿನ ಚಕ್ರದ ಹಿಂದೆ ನೀರು ತೊಟ್ಟಿಕ್ಕುತ್ತದೆ. ಬೇಸಿಗೆಯಲ್ಲಿ ಜಾಸ್ತಿ. (ಮದ್ದೂರು)

ಉತ್ತರ: ಎಸಿ ಹಾಕಿದಾಗ ತಾನೇ? ಬಿಳಿ ಪೇಪರ್ ಇಟ್ಟು ಹಿಡಿಯಿರಿ. ಬಣ್ಣ ಇಲ್ಲ, ವಾಸನೆ ಇಲ್ಲ, ಅಂಟೂ ಇಲ್ಲ ಅಂದರೆ ಎಸಿ ನೀರು. ಆರಾಮಾಗಿರಿ. ನಾಲಿಗೆಗೆ ಹಚ್ಚಿ ಮಾತ್ರ ನೋಡಬೇಡಿ.

ಪ್ರಶ್ನೆ: ನಮ್ಮ ಚಿಕ್ಕಪ್ಪ ಲಾರಿ ಓಡಿಸುವಾಗ ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುತ್ತಿದ್ದರಂತೆ. ಕಾರಿಗೂ ಹಾಕಬಹುದಾ? (ಕೆ.ಆರ್.ಪೇಟೆ)

ಉತ್ತರ: ನಿಮ್ಮ ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ. ಹಳೆ ಲಾರಿಗಳ ರೇಡಿಯೇಟರ್ ನಾಳ ಅಗಲ, ಪುಡಿ ಹೋಗಿ ಸಣ್ಣ ತೂತಿಗೆ ಕಚ್ಚಿಕೊಂಡು ಊರು ಸೇರುವವರೆಗೆ ಕಾಯುತ್ತಿತ್ತು. ಈಗಿನ ಕಾರಿನ ನಾಳಗಳು ತೀರಾ ಸಪೂರ. ತೂತು ಮುಚ್ಚುವ ಪುಡಿ ಹೀಟರನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟಾಪ್ ಲೀಕ್ ಡಬ್ಬಿಗೂ ಇದೇ ಮಾತು. ನಡುದಾರಿಯಲ್ಲಿ ಬೇರೆ ಗತಿಯೇ ಇಲ್ಲದಿದ್ದರೆ ಸರಿ, ಆಮೇಲೆ ತೊಳೆಸಲೇಬೇಕು.

ಪ್ರಶ್ನೆ: ಹಳೆ ಕೂಲೆಂಟ್ ಮನೆ ಮುಂದಿನ ಚರಂಡಿಗೆ ಚೆಲ್ಲಬಹುದೇ? (ಶ್ರೀರಂಗಪಟ್ಟಣ)

ಉತ್ತರ: ಬೇಡವೇ ಬೇಡ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅಷ್ಟೇ ಅಪಾಯ. ಮುಚ್ಚಳ ಇರುವ ಕ್ಯಾನಿಗೆ ತುಂಬಿ, ಮೇಲೆ ‘ಕೂಲೆಂಟ್, ವಿಷ’ ಅಂತ ಬರೆದು, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನವರನ್ನು ಕೇಳಿ ಕೊಡಿ. ಆಯಿಲ್ ಜೊತೆ ಬೆರೆಸಬೇಡಿ. ನೆಲಕ್ಕೆ ಚೆಲ್ಲಿದ್ದರೆ ಮಣ್ಣೋ ಮರದ ಹೊಟ್ಟೋ ಹಾಕಿ ಹೀರಿಸಿ, ಬಳಿದು ತೆಗೆದು ಕವರಿಗೆ ಕಟ್ಟಿ. ಆಮೇಲೆ ನೀರು ಹಾಕಿ ಉಜ್ಜಿ.