ಟೆಸ್ಟೋಸ್ಟೆರಾನ್ 268 ಬಂದಿದೆ, ಇಂಜೆಕ್ಷನ್ ಶುರು ಮಾಡಬೇಕಾ?

ವಯಸ್ಸು 34, ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ, ತೂಕ 96 ಕೆಜಿ, ಮದುವೆ ಗೊತ್ತಾಗಿದೆ. ಯಾವಾಗಲೂ ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಟೋಟಲ್ ಟೆಸ್ಟೋಸ್ಟೆರಾನ್ (ಗಂಡಸರ ಮುಖ್ಯ ಹಾರ್ಮೋನ್) 268 ng/dL ಬಂದಿದೆ. ಜಿಮ್ ಟ್ರೈನರ್ ಇಂಜೆಕ್ಷನ್ ತಗೋ ಅಂತಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾನು ಡಾಕ್ಟರ್ ಅಲ್ಲ. ರಾಯಚೂರಿನವನು, ಪಿಟ್ಯುಟರಿ ಗ್ರಂಥಿಯ ಗೆಡ್ಡೆಗೆ ಆಪರೇಷನ್ ಆದ ಮೇಲೆ ವರ್ಷಗಳಿಂದ ಇದೇ ಇಂಜೆಕ್ಷನ್ ಮೇಲಿದ್ದೇನೆ. ನನಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಇರಬಹುದು.

268ಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ‘ನೈಟ್ ಡ್ಯೂಟಿ ಮುಗಿಸಿ ಹಾಗೇ ಲ್ಯಾಬಿಗೆ ಹೋದೆ’ ಎಂಬ ನಿಮ್ಮ ಮಾತು. ಈ ಹಾರ್ಮೋನ್ ನಿದ್ದೆಯಲ್ಲಿ ಏರುತ್ತದೆ, ಬೆಳಿಗ್ಗೆ ಜಾಸ್ತಿ ಇರುತ್ತದೆ, ಸಂಜೆಗೆ ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆಯೇ ರಕ್ತ ಕೊಡಿ ಅನ್ನುವುದು. ನಿಮ್ಮ ರಿಪೋರ್ಟಿನಲ್ಲಿ ಸಮಯ 8:40 ಅಂತಿದೆ, ನೋಡಿದವರಿಗೆ ಸರಿಯಾಗೇ ಕಾಣುತ್ತದೆ. ಆದರೆ ರಾತ್ರಿಯಿಡೀ ನೀವು ಕಣ್ಣು ಮುಚ್ಚಿಲ್ಲ. ನೀವು ನೈಟ್ ಶಿಫ್ಟಿನಲ್ಲಿದ್ದಿರಿ ಅಂತ ಲ್ಯಾಬಿನವರಿಗೆ ಹೇಗೆ ಗೊತ್ತಾಗಬೇಕು? ಜನರಲ್ ಶಿಫ್ಟ್ ವಾರದಲ್ಲಿ, ಕೆಲವು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, 7ರಿಂದ 10ರ ಒಳಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಕೊಡಿ. ಒಗ್ಗರಣಿ ಮಿರ್ಚಿ ಆಮೇಲೆ. ಜ್ವರ ಬಂದು ಎದ್ದ ವಾರದಲ್ಲೂ ಬೇಡ, ಆಗಲೂ ಇದು ಇಳಿದಿರುತ್ತದೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದು ಕೆಲವು ಯಂತ್ರಗಳ ರಿಪೋರ್ಟನ್ನೇ ಕೆಡಿಸುತ್ತದೆ.

ಇನ್ನು ಆ ಸಂಖ್ಯೆ. ಅಮೆರಿಕದ ಯೂರಾಲಜಿ ಸಂಘ 300ಕ್ಕಿಂತ ಕಡಿಮೆ ಇದ್ದರೆ ಕಡಿಮೆ ಅನ್ನುತ್ತದೆ. ಅಲ್ಲಿನದೇ ಎಂಡೋಕ್ರೈನ್ ಸೊಸೈಟಿ 2018ರಲ್ಲಿ ಹಾಕಿದ ಗೆರೆ 264. ನಿಮ್ಮ 268 ಎರಡರ ನಡುವೆ ಕೂತಿದೆ, ತಮಾಷೆ ಅಲ್ವಾ! ಆದರೆ ಎರಡು ಬೇರೆ ಬೇರೆ ದಿನ ಬೆಳಿಗ್ಗೆ ಕಡಿಮೆ ಬರಬೇಕು, ಜೊತೆಗೆ ಲಕ್ಷಣಗಳೂ ಇರಬೇಕು ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಬರೀ ಸುಸ್ತು ಅಷ್ಟು ಗಟ್ಟಿ ಲಕ್ಷಣವಲ್ಲ. ಮೇ ತಿಂಗಳಲ್ಲಿ ಬಳ್ಳಾರಿ ಕಡೆ ಸುಸ್ತಾಗದವರು ಯಾರಿದ್ದಾರೆ? ಆಸೆ ಕುಗ್ಗುವುದು, ಬೆಳಗಿನ ನಿಮಿರು ನಿಲ್ಲುವುದು, ಇವನ್ನು ಡಾಕ್ಟರ್ ಕೇಳುತ್ತಾರೆ. ನಾಚಿಕೊಳ್ಳದೆ ಹೇಳಿ. ಅಂದಹಾಗೆ, ಇನ್ನೊಂದು ಲ್ಯಾಬಿನಲ್ಲಿ 2.68 (ng/mL) ಅಥವಾ 9.3 (nmol/L) ಅಂತ ಬಂದರೆ ಗಾಬರಿ ಬೇಡ. ಅಳತೆ ಬೇರೆ, ವಿಷಯ ಅದೇ.

ಎರಡನೇ ಸಲ ಕೊಡುವಾಗ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಎಸ್‌ಎಚ್‌ಬಿಜಿ, ಥೈರಾಯ್ಡ್, ಶುಗರ್ ಸೇರಿಸಿ ಅಂತ ಡಾಕ್ಟರನ್ನು ಕೇಳಿ. ಇದರಲ್ಲಿ ಎಲ್‌ಎಚ್ ಮುಖ್ಯ. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತ ಬೆಳೆ ಒಣಗಿದರೆ ಮೊದಲು ಕೇಳುವುದೇ ಮೇಲಿಂದ ನೀರು ಬಿಟ್ಟಿದ್ದಾರಾ ಅಂತ. ಮಿದುಳಿನ ಕೆಳಗಿರುವ ಪಿಟ್ಯುಟರಿ ವೃಷಣಕ್ಕೆ ಬಿಡುವ ನೀರು ಈ ಎಲ್‌ಎಚ್. ಟೆಸ್ಟೋಸ್ಟೆರಾನ್ ಕಡಿಮೆ ಇದ್ದು ಎಲ್‌ಎಚ್ ಜಾಸ್ತಿ ಇದ್ದರೆ ತೊಂದರೆ ವೃಷಣದಲ್ಲಿ. ಎರಡೂ ಕಡಿಮೆ ಇದ್ದರೆ ತೊಂದರೆ ಮೇಲೆ. ನನ್ನ ಗೆಡ್ಡೆ ಸಿಕ್ಕಿದ್ದು ಹೀಗೇ, ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನ್ ಪ್ರೊಲ್ಯಾಕ್ಟಿನ್ ಕೂಡ ಏರಿತ್ತು.

ಎಸ್‌ಎಚ್‌ಬಿಜಿ ಅಂದರೆ ಟೆಸ್ಟೋಸ್ಟೆರಾನನ್ನು ಹಿಡಿದುಕೊಂಡು ರಕ್ತದಲ್ಲಿ ಓಡಾಡುವ ಪ್ರೋಟೀನ್. ಹೊಟ್ಟೆ ಬಂದವರಲ್ಲಿ, ಶುಗರ್ ಇರುವವರಲ್ಲಿ ಅದು ಇಳಿಯುತ್ತದೆ. ಆಗ ಟೋಟಲ್ ಕಡಿಮೆ ತೋರಿಸಿದರೂ ದೇಹದ ಬಳಕೆಗೆ ಸಿಗುವ ಫ್ರೀ ಟೆಸ್ಟೋಸ್ಟೆರಾನ್ ಸಾಕಷ್ಟು ಇರಬಹುದು. 96 ಕೆಜಿ ಅಂದಿದ್ದೀರಿ, ಹಾಗಾಗಿ ಇದನ್ನು ನೋಡಲೇಬೇಕು. ತೂಕ ಇಳಿಸಿದರೆ ಟೋಟಲ್ ತಾನಾಗಿ ಏರುವುದೂ ಉಂಟು. ಗೊರಕೆ ಜಾಸ್ತಿ ಇದ್ದರೆ ಅದನ್ನೂ ತೋರಿಸಿ.

ನಿಮಗೆ ಮದುವೆ ಗೊತ್ತಾಗಿದೆ ಅಂದಿರಲ್ಲ, ಟ್ರೈನರ್ ಹೇಳದೇ ಬಿಟ್ಟ ಮಾತು ಇಲ್ಲಿದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಪಿಟ್ಯುಟರಿ ‘ಸಾಕಷ್ಟಿದೆ’ ಅಂದುಕೊಂಡು ಎಲ್‌ಎಚ್, ವೀರ್ಯಾಣು ತಯಾರಿಗೆ ಬೇಕಾದ ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ವೀರ್ಯಾಣು ತಯಾರಾಗುವುದು ಕುಸಿಯುತ್ತದೆ, ಎಷ್ಟೋ ಜನರಲ್ಲಿ ಸೊನ್ನೆಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಚುಚ್ಚಿ ಇದನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು, ಫಲಿತಾಂಶ 1990ರಲ್ಲಿ ಬಂತು. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮಕ್ಕಳಾಗಬೇಕು ಅನ್ನುವವರಿಗೆ ಬೇರೆ ಔಷಧಿಗಳಿವೆ, ಅದನ್ನೇ ಕೇಳಿ.

ಇಂಜೆಕ್ಷನ್ ಬೇಕೇಬೇಕು ಅಂತಾದರೂ ಚುಚ್ಚಿಸಿಕೊಂಡು ಸುಮ್ನೆ ಇರುವ ಹಾಗಿಲ್ಲ. ರಕ್ತ ಮಂದವಾಗಬಹುದು. ರಕ್ತದಲ್ಲಿ ಕೆಂಪು ಕಣಗಳ ಪಾಲು ಹೇಳುವ ಹೆಮಟೋಕ್ರಿಟ್ ಶೇ 54 ದಾಟಿದರೆ ಡಾಕ್ಟರ್ ನಿಲ್ಲಿಸುತ್ತಾರೆ ಅಥವಾ ಡೋಸ್ ಇಳಿಸುತ್ತಾರೆ. ವಯಸ್ಸಾದವರಿಗೆ ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ ಪಿಎಸ್‌ಎ ಕೂಡ ನೋಡುತ್ತಾರೆ.

ಹಾರ್ಮೋನ್ ಡಾಕ್ಟರ್ ನಮ್ಮ ಕಡೆ ಕಡಿಮೆ. ನಾನು ಹೈದರಾಬಾದಿಗೆ ಹೋಗುತ್ತೇನೆ, ನಿಮಗೆ ಹುಬ್ಬಳ್ಳಿ ಅಥವಾ ಬೆಂಗಳೂರು ಅನುಕೂಲ. ಟೆಸ್ಟುಗಳನ್ನು ಊರಲ್ಲೇ ಮುಗಿಸಿ ಎಲ್ಲಾ ರಿಪೋರ್ಟ್ ಹಿಡಿದುಕೊಂಡು ಹೋಗಿ. ಟ್ರೈನರ್ ಈಗಾಗಲೇ ಏನಾದರೂ ಚುಚ್ಚಿದ್ದರೆ, ಪೌಡರ್ ಜೊತೆ ಹೆಸರಿಲ್ಲದ ಮಾತ್ರೆ ಕೊಟ್ಟಿದ್ದರೆ, ಅದನ್ನು ಮುಚ್ಚಿಡಬೇಡಿ. ಸ್ಟೀರಾಯ್ಡ್ ಬಿಟ್ಟ ಮೇಲೂ ಎಲ್‌ಎಚ್ ಎಷ್ಟೋ ದಿನ ಕೆಳಗೇ ಇರುತ್ತದೆ. ಅದು ಗೊತ್ತಿಲ್ಲದಿದ್ದರೆ ಡಾಕ್ಟರ್ ಗೆಡ್ಡೆ ಹುಡುಕುತ್ತಾ ತಲೆಗೆ ಎಂಆರ್‌ಐ ಬರೆಯುತ್ತಾರೆ, ಖರ್ಚು ನಿಮ್ಮದು.