ಮಾಡಿನ ಪಾಚಿ ಉಜ್ಜಿದಷ್ಟೂ ಬರುತ್ತೆ, ಏನ್ ಮಾಡೋದು?

ಪ್ರಶ್ನೆ: ನಮ್ಮದು ಹೆಂಚಿನ ಮನೆ. ಮಾಡಿನ ಒಂದು ಬದಿ ತುಂಬಾ ಪಾಚಿ, ಇನ್ನೊಂದು ಬದಿಯಲ್ಲಿ ಏನೂ ಇಲ್ಲ. ಪ್ರತಿ ವರ್ಷ ಉಜ್ಜಿಸುತ್ತೇವೆ, ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ. ಪ್ರೆಶರ್ ವಾಷರ್ ಹಿಡಿಸಿ ಅಂತ ಒಬ್ಬರು, ಬ್ಲೀಚಿಂಗ್ ಪೌಡರ್ ಅಂತ ಇನ್ನೊಬ್ಬರು, ತಾಮ್ರದ ತಂತಿ ಕಟ್ಟಿ ಅಂತ ಮತ್ತೊಬ್ಬರು. ಯಾರ ಮಾತು ಕೇಳೋದು?

ಉತ್ತರ: ಇನ್ನೊಂದು ಬದಿಯಲ್ಲಿ ಏನೂ ಇಲ್ಲ ಅಂದಿರಲ್ಲ, ಮೊದಲು ಅದನ್ನೇ ನೋಡಿ. ಎರಡೂ ಕಡೆ ಅದೇ ಹೆಂಚು, ಅದೇ ಮಳೆ. ಒಂದು ಬದಿ ಬೇಗ ಒಣಗುತ್ತೆ, ಇನ್ನೊಂದು ಒಣಗೋದಿಲ್ಲ, ಅಷ್ಟೇ. ಮೇಲೆ ಮರದ ಕೊಂಬೆ ಚಾಚಿಕೊಂಡಿರಬೇಕು, ಇಲ್ಲಾ ಆ ಕಡೆ ಬಿಸಿಲೇ ಬೀಳ್ತಿಲ್ಲ.

ಒಂದು ಗುಪ್ಪೆ ಪಾಚಿ ಕಿತ್ತು ತಿರುಗಿಸಿ ನೋಡಿ. ಅದಕ್ಕೆ ನಿಜವಾದ ಬೇರು ಇರೋದಿಲ್ಲ, ಕೂದಲಿನಂಥ ಎಳೆಗಳಿಂದ ಹೆಂಚಿಗೆ ಅಂಟಿಕೊಂಡಿರುತ್ತೆ. ಅಡಿಯಲ್ಲಿ ಧೂಳು, ಕೊಳೆತ ಎಲೆಯ ಪುಡಿ. ಮಳೆ ನಿಂತು ಅಕ್ಕಪಕ್ಕದ ಹೆಂಚು ಒಣಗಿದ ಮೇಲೂ ಹಿಂಡಿದರೆ ನೀರು ಬರುತ್ತೆ. ಹೆಂಚುಗಳ ಸಂದಿಯಲ್ಲಿ ಇದು ದಪ್ಪಗಾದರೆ ಮಳೆನೀರು ಕೆಳಗಿಳಿಯೋದಕ್ಕೆ ಅಡ್ಡವಾಗುತ್ತೆ, ಆಗ ನೀರು ಹೆಂಚಿನ ಅಡಿಗೆ ನುಗ್ಗಿ ಮಾಡಿನ ಮರಮುಟ್ಟಿಗೆ ತಾಗುತ್ತೆ.

ಹಾಗಾಗಿ ಮೊದಲು ಕೊಂಬೆ ಕಡಿಸಿ. ಸಂದಿಯಲ್ಲಿ, ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿಯಲ್ಲಿ ಕೂತ ತರಗೆಲೆ ಮಳೆಗೆ ಮುಂಚೆಯೇ ತೆಗೆಸಿ, ಮಳೆಯ ನಡುವೆಯೂ ಬಿಡುವಾದಾಗ ಒಮ್ಮೆ ನೋಡಿ. ಇದನ್ನು ಬಿಟ್ಟು ಬರೀ ಉಜ್ಜಿಸಿದರೆ ಸುಮ್ನೆ ಕೂಲಿ ದಂಡ.

ಪ್ರೆಶರ್ ವಾಷರ್ ಬೇಡವೇ ಬೇಡ. ನೋಡೋದಕ್ಕೆ ಮಜಾ ಇರುತ್ತೆ, ಹೆಂಚು ಹೊಸದರ ಹಾಗೆ ಹೊಳೆಯುತ್ತೆ, ನಿಜ. ಆದರೆ ಆ ರಭಸಕ್ಕೆ ಹೆಂಚಿನ ಮೇಲ್ಪದರ ಕಿತ್ತು ಒರಟಾಗುತ್ತೆ, ಒರಟು ಜಾಗದಲ್ಲಿ ಪಾಚಿ ಇನ್ನೂ ಚೆನ್ನಾಗಿ ಹಿಡಿಯುತ್ತೆ, ಜೊತೆಗೆ ನೀರು ಸಂದಿಯೊಳಗೆ ಹೋಗುತ್ತೆ. ಗಟ್ಟಿ ನಾರಿನ ಬ್ರಷ್ ಸಾಕು, ತಂತಿ ಬ್ರಷ್ ಅಲ್ಲ. ಮೇಲಿಂದ ಕೆಳಕ್ಕೆ ಉಜ್ಜಿಸಿ. ಕೆಳಗಿಂದ ಮೇಲಕ್ಕೆ ತಳ್ಳಿದರೆ ಹೆಂಚು ಸರಿಯುತ್ತೆ, ಕಸವೂ ಅದರಡಿಗೆ ಸೇರುತ್ತೆ. ಒದ್ದೆ ಪಾಚಿ ಮೇಲೆ ಯಾರನ್ನೂ ಹತ್ತಿಸಬೇಡಿ, ಕಾಲು ಜಾರೋದು ಗೊತ್ತೇ ಆಗೋದಿಲ್ಲ.

ಬ್ಲೀಚಿಂಗ್ ಪೌಡರ್ ಪಾಚಿಯನ್ನು ಕೊಲ್ಲುತ್ತೆ, ಆದರೆ ತಗಡಿನ ದೋಣಿ, ಮೊಳೆ ತುಕ್ಕು ಹಿಡಿಯುತ್ತವೆ, ಕೆಳಗಿನ ಗಿಡಗಳೂ ಸುಡುತ್ತವೆ. ಹಾಕಲೇಬೇಕು ಅಂದರೆ ತೆಳುವಾಗಿ ಕಲಸಿ, ಗಿಡಗಳಿಗೆ ಮೊದಲು ಚೆನ್ನಾಗಿ ನೀರು ಹಾಕಿ ಮುಚ್ಚಿ. ಜಾಸ್ತಿ ಕೆಲಸ ಮಾಡಲಿ ಅಂತ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರಿಗೇ ಕುತ್ತು.

ಇನ್ನು ತಾಮ್ರ. ಅದು ಮೂಢನಂಬಿಕೆಯಲ್ಲ. ತಾಮ್ರ ಅಥವಾ ಸತುವಿನ ಪಟ್ಟಿಯನ್ನು ಮಾಡಿನ ನೆತ್ತಿಯುದ್ದಕ್ಕೂ ಕೂರಿಸಿದರೆ ಮಳೆನೀರಿನ ಜೊತೆ ಲೋಹದ ಅಂಶ ಸ್ವಲ್ಪ ಸ್ವಲ್ಪವೇ ಇಳಿಯುತ್ತೆ, ಅದು ಪಾಚಿಗೆ ಆಗೋದಿಲ್ಲ. ತೆಳು ತಂತಿಯಿಂದ ಅಷ್ಟು ಇಳಿಯೋದಿಲ್ಲ, ಅಗಲದ ಪಟ್ಟಿಯೇ ಬೇಕು. ಅದರ ಪ್ರಭಾವವೂ ಕೆಳಗೆ ಕೆಲವೇ ಅಡಿಯವರೆಗೆ. ಬೆಳೆದು ನಿಂತ ಪಾಚಿಯನ್ನೂ ಅದು ತೆಗೆಯೋದಿಲ್ಲ, ಶುಚಿ ಮಾಡಿದ ಮೇಲೆ ಹಾಕಬೇಕು.

ಪ್ರಶ್ನೆ: ಮಾಡಿನ ಮಳೆನೀರನ್ನು ಟ್ಯಾಂಕಿಗೆ ಬಿಡುತ್ತೇವೆ, ಕುಡಿಯೋದಕ್ಕೂ ಅದೇ. ನಾವೂ ತಾಮ್ರದ ಪಟ್ಟಿ ಹಾಕಬಹುದಾ?

ಉತ್ತರ: ಬೇಡ. ರಾಸಾಯನಿಕ ಸಿಂಪಡಿಸೋದೂ ಬೇಡ. ಕೊಂಬೆ ಕಡಿಸಿ, ಬ್ರಷ್‌ನಲ್ಲಿ ಉಜ್ಜಿಸಿ, ಉಜ್ಜುವ ದಿನ ಟ್ಯಾಂಕಿನ ಪೈಪ್ ಬಿಚ್ಚಿಡಿ. ಆಮೇಲೆ ಬರುವ ಮೊದಲ ಮಳೆಯ ನೀರನ್ನು ಹೊರಗೇ ಹರಿಯಲು ಬಿಟ್ಟು, ನೀರು ತಿಳಿಯಾದ ಮೇಲೆ ಪೈಪ್ ಮತ್ತೆ ಜೋಡಿಸಿ.