ಯುಗಾದಿ ಊಟ ಒಂದು ಗಂಟೆಗೆ ಎಲೆಗೆ ಬೀಳ್ಬೇಕಾ? ಮೊದಲು ಒಲೆ ಎಣಿಸಿ

ಪ್ರಶ್ನೆ: ಹಬ್ಬಕ್ಕೆ 25 ಜನ, ಮೂರು ಬರ್ನರ್ ಸ್ಟೌವ್. ಒಬ್ಬಟ್ಟಿನ ಊಟ ಒಂದು ಗಂಟೆಗೆ ಅಂದ್ಕೊಂಡ್ರೂ ಪ್ರತಿ ವರ್ಷ ಮೂರಾಗುತ್ತೆ. ಬೆಳಗ್ಗೆ ಎಷ್ಟಕ್ಕೆ ಏಳ್ಬೇಕು?

ಹಬ್ಬ ಹತ್ರ ಬಂತು ಅಂದ್ರೆ ಎಲ್ಲರೂ ಕೇಳೋದು ಏಳೋ ಟೈಮನ್ನೇ. ನಾಲ್ಕಕ್ಕೆ ಎದ್ರೂ ನಿಮ್ಗೆ ಮೂರೇ ಆಗೋದು, ಯಾಕಂದ್ರೆ ಸಾಲ್ದೇ ಇರೋದು ಒಲೆ. ತಲೆಗೆ ಎರಡರ ಹಾಗೆ 50 ಒಬ್ಬಟ್ಟು, ಒಂದು ಬೇಯೋಕೆ ಎರಡು ನಿಮಿಷ, ಒಂದೇ ಹೆಂಚಾದ್ರೆ 100 ನಿಮಿಷ ಒಂದು ಬರ್ನರ್ ಪೂರ್ತಿ ಹೋಯ್ತು. ಅದನ್ನ ಬಿಸಿಬಿಸಿ ಬಡಿಸ್ಬೇಕು ಅಂತ ಕೊನೆಗೆ ಇಟ್ಕೋತೀರಲ್ಲ, ಅಲ್ಲೇ ಕೈ ಕಟ್ಟೋದು. ಒಬ್ಬಟ್ಟು ಆರಿದ್ರೆ ಮೇಲೆ ತುಪ್ಪ ಹಾಕಿ ತಿನ್ಬಹುದು, ಆಂಬೋಡೆ ಆರಿದ್ರೆ ಯಾರೂ ಮುಟ್ಟಲ್ಲ. ಹಾಗಾಗಿ ಒಬ್ಬಟ್ಟು ಎಂಟಕ್ಕೆ ಶುರು ಮಾಡಿ, ಒಬ್ಬರು ತಟ್ಟಿ ಒಬ್ಬರು ಬೇಯಿಸಿ, ಹತ್ತಕ್ಕೆ ಹೆಂಚು ಇಳಿಸ್ಬಿಡಿ.

ಹೂರಣ ಹಿಂದಿನ ರಾತ್ರಿನೇ ಆಗ್ಬೇಕು. ಬೇಳೆ ಬೆರಳಲ್ಲಿ ಹಿಸುಕಿದ್ರೆ ಪುಡಿ ಆಗ್ಬೇಕು, ಪೇಸ್ಟ್ ಆಗ್ಬಾರ್ದು, ಆಗ ಕಟ್ಟು ಬಸಿದು ಸಾರಿಗೆ ಫ್ರಿಜ್ಜಲ್ಲಿಡಿ. ಅರೆಬೆಂದ ಬೇಳೆಗೆ ಬೆಲ್ಲ ಹಾಕ್ಬೇಡಿ, ಬೆಲ್ಲ ಬಿದ್ಮೇಲೆ ಎಷ್ಟು ಕುದಿಸಿದ್ರೂ ಅದು ಮೆತ್ತಗಾಗಲ್ಲ. ಕಣಕ ಬೆಳಗ್ಗೆ ಆರಕ್ಕೇ ಕಲಸಿ ಎಣ್ಣೇಲಿ ನೆನೆಸಿ, ಎತ್ತಿ ಎಳೆದ್ರೆ ರಬ್ಬರ್ ಹಾಗೆ ಹಿಗ್ಗಬೇಕು, ಹರೀಬಾರ್ದು. ಫ್ರಿಜ್ಜಿಂದ ಹೂರಣನೂ ಆಗ್ಲೇ ಹೊರಗೆ ತೆಗೀರಿ, ಗಟ್ಟಿ ಉಂಡೆ ಕಣಕನ ಸೀಳುತ್ತೆ.

ಉಳಿದೆರಡು ಒಲೇಲಿ ಸಾರು, ಪಲ್ಯ, ಪಾಯಸ ಹನ್ನೊಂದಕ್ಕೆ ಮುಗೀಲಿ. ಹನ್ನೊಂದೂವರೆಗೆ ಚಿತ್ರಾನ್ನದ ಅನ್ನ, ಹನ್ನೆರಡಕ್ಕೆ ಬಿಳಿ ಅನ್ನ, ಎರಡೂ ಸೇರಿ ಎರಡೂವರೆ ಕೆಜಿ ಅಕ್ಕಿ ಸಾಕು. ಹನ್ನೆರಡೂವರೆಗೆ ಆಂಬೋಡೆಗೆ ಎಣ್ಣೆ ಇಡಿ.

ಅನ್ನ ಏಳು ಗಂಟೆಗೇ ಮಾಡಿ ಮುಚ್ಚಿಡೋರಿಗೆ ನಾನು ಬೈಯ್ತೀನಿ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಅಕ್ಕಿ ಕುದ್ರೂ ಸಾಯಲ್ಲ, ಬೆಚ್ಚಗೆ ಮುಚ್ಚಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತೆ, ಮತ್ತೆ ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ. ನಿಂಬೆಹುಳಿ ಹಿಂಡಿದೀವಲ್ಲ ಅಂತ ನಂಬ್ಕೊಂಡು ಕೂರ್ಬೇಡಿ. ನಮ್ಮನೇಲೇ ಒಂದು ಹಬ್ಬಕ್ಕೆ ಬೆಳಗಿನ ಚಿತ್ರಾನ್ನ ಮಧ್ಯಾಹ್ನ ತಿಂದು ಮಕ್ಕಳು ಸಂಜೆವರೆಗೂ ವಾಂತಿ ಮಾಡಿದ್ರು, ಅವತ್ತಿಂದ ಎರಡು ಗಂಟೆಗಿಂತ ಜಾಸ್ತಿ ಅನ್ನ ಹೊರಗಿಡೋಕೆ ನಾನು ಬಿಡಲ್ಲ.

ಪ್ರಶ್ನೆ: ಬೇಳೆಗೆ ಸೋಡಾ ಹಾಕಿದ್ರೆ ಬೇಗ ಬೇಯುತ್ತಂತೆ?
ಹೂರಣ ಲೋಳೆ ಆಗುತ್ತೆ, ಸಾರು ಸೋಪಿನ ರುಚಿ ಹಿಡಿಯುತ್ತೆ. ಬೇಡ.

ಪ್ರಶ್ನೆ: ಒಂದೇ ಗಂಟೇಲಿ 20 ಐಟಂ ಮಾಡೋ ವಿಡಿಯೋ ನೋಡಿದೆ, ನಂಬಬಹುದಾ?
ಬೇಳೆ ಬೇಯೋದು, ಕಣಕ ನೆನೆಯೋದು ಎಲ್ಲಾ ಕಟ್ ಮಾಡಿ ತೋರಿಸೋರು ಅವರು. ಹಬ್ಬದ ದಿನ ಅದನ್ನ ನಂಬಿ ಮನೆ ಹೆಂಗಸರನ್ನ ಅಳಿಸ್ಬೇಡಿ.

ಪ್ರಶ್ನೆ: ಕೋಸಂಬರಿ ನೀರು ಬಿಡುತ್ತೆ.
ಉಪ್ಪನ್ನ ಊಟದ ಎಲೆ ಹಾಕಿದ ಮೇಲೆ ಹಾಕಿ.